ಊಟವೋ, ದುಡ್ಡೋ, ರಜೆಯೋ? ಕೊಡಗಿನ ತೋಟದ ಬಾಣಂತಿಗೆ ಯಾವುದು ಆಗಿಬರುತ್ತದೆ

ಮೊದಲು ಡಬ್ಬಿ ಹಾಲಿನ ಲೆಕ್ಕ ಮಾಡಿಬಿಡೋಣ. ಮೂರು ತಿಂಗಳ ಮಗು ದಿನಕ್ಕೆ ಸುಮಾರು 750 ಮಿಲಿಲೀಟರ್ ಹಾಲು ಕುಡಿಯುತ್ತದೆ. ಅಷ್ಟು ಹಾಲು ಕಲಸಲು ಹೆಚ್ಚುಕಡಿಮೆ 100 ಗ್ರಾಂ ಪುಡಿ ಬೇಕು. ಅಂದರೆ 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಖಾಲಿ. ತಿಂಗಳಿಗೆ ಏಳೆಂಟು ಡಬ್ಬಿ. ಡಬ್ಬಿಗೆ 400 ರೂಪಾಯಿ ಅಂತ ಇಟ್ಟುಕೊಂಡರೂ ತಿಂಗಳಿಗೆ 3,000 ರೂಪಾಯಿ ಹೋಯಿತು. ಮೊದಲ ಮಗುವಿಗೆ ಕೇಂದ್ರ ಸರ್ಕಾರ ಕೊಡುವ ಮಾತೃವಂದನಾ ದುಡ್ಡು ಒಟ್ಟು 5,000. ಎರಡು ತಿಂಗಳ ಡಬ್ಬಿಗೂ ಸಾಲುವುದಿಲ್ಲ.

ಸಾಲದಿದ್ದಾಗ ಏನಾಗುತ್ತದೆ ಅಂತ ಕಾಫಿ ತೋಟದ ಕೂಲಿಯವರು ಇರುವ ಲೈನ್ ಮನೆಗಳನ್ನು ನೋಡಿದವರಿಗೆ ಗೊತ್ತು. ಮೂರು ಚಮಚ ಹಾಕಬೇಕಾದ ಕಡೆ ಎರಡು ಹಾಕುತ್ತಾರೆ. ಮಗು ಹೊಟ್ಟೆ ತುಂಬಿದ ಹಾಗೆ ಮಲಗುತ್ತದೆ. ಅಂಗನವಾಡಿಯ ತಕ್ಕಡಿಯಲ್ಲಿ ಮಾತ್ರ ತೂಕ ಏರುವುದಿಲ್ಲ. ಮಳೆಗಾಲದಲ್ಲಿ ನೀರು ಕುದಿಸದೆ ಕಲಸಿದರೆ ಭೇದಿ ಬೇರೆ.

ಹಾಗಾಗಿ ಕೂಲಿ ಮಾಡುವ ಮನೆಗೆ ಎದೆಹಾಲು ಬಿಟ್ಟರೆ ನಿಜವಾದ ದಾರಿ ಇಲ್ಲ. ಆದರೆ ‘ಎದೆಹಾಲು ಕೊಡಿ’ ಅಂತ ಬೋರ್ಡ್ ಹಾಕುವುದು ಸುಲಭ. ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಹೋಗಿ ಸಂಜೆ ಬರುವವಳು ಅದನ್ನು ಕೊಡುವುದು ಹೇಗೆ? ಸರ್ಕಾರದ ಯೋಜನೆಗಳನ್ನು ಈ ಪ್ರಶ್ನೆ ಇಟ್ಟುಕೊಂಡೇ ಅಳೆಯಬೇಕು.

ನಮ್ಮಲ್ಲಿ ಯಾವ ಯೋಜನೆಯೂ ಎಳೆಗೂಸಿಗೆ ಡಬ್ಬಿ ಹಂಚುವುದಿಲ್ಲ. ಕೊಡುವುದೆಲ್ಲ ತಾಯಿಗೆ. ಅದರಲ್ಲಿ ಮೂರು ಬಗೆ: ಊಟ, ದುಡ್ಡು, ರಜೆ. ಮೂರೂ ಎಲ್ಲರಿಗೂ ಸಿಗುವುದಿಲ್ಲ. ಕೆಲವು ಒಟ್ಟಿಗೆ ಸಿಗುತ್ತವೆ, ಕೆಲವು ಒಂದು ತಗೊಂಡರೆ ಇನ್ನೊಂದು ಇಲ್ಲ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ. ರಜೆ ಸಿಗುವ ಸಾಧ್ಯತೆ ಇದ್ದರೆ ಅದಕ್ಕೇ ಮೊದಲು ಕೈ ಹಾಕಿ. ಅದು ಆಗದಿದ್ದರೆ ದುಡ್ಡನ್ನು ರಜೆಯನ್ನಾಗಿ ಮಾಡಿಕೊಳ್ಳಿ. ಊಟವನ್ನಂತೂ ಯಾವ ಲೆಕ್ಕದಲ್ಲೂ ಬಿಡಬೇಡಿ.

ಯಾಕೆ ರಜೆ ಮೊದಲು?

‘ಹೊಟ್ಟೆಗೇ ಇಲ್ಲ, ಹಾಲು ಎಲ್ಲಿಂದ ಬರಬೇಕು’ ಅನ್ನುವ ಮಾತು ಎಲ್ಲ ಕಡೆ ಇದೆ. ಅದು ಅರ್ಧ ಮಾತ್ರ ಸರಿ. ಹಾಲು ಎಷ್ಟು ಬರುತ್ತದೆ ಅನ್ನುವುದು ಮುಖ್ಯವಾಗಿ ಮಗು ಎಷ್ಟು ಸಲ ಚೀಪುತ್ತದೆ ಅನ್ನುವುದರ ಮೇಲೆ ನಿಂತಿದೆ. ಎದೆ ಖಾಲಿಯಾದಷ್ಟೂ ಹಾಲು ಮತ್ತೆ ಇಳಿಯುತ್ತದೆ. ಬಡಕಲು ತಾಯಿಗೂ ಸಾಮಾನ್ಯವಾಗಿ ಸಾಕಷ್ಟು ಹಾಲು ಬರುತ್ತದೆ. ಆದರೆ ಆ ಹಾಲಿನ ಬೆಲೆಯನ್ನು ಅವಳ ಮೈ ಕಟ್ಟುತ್ತದೆ. ರಕ್ತ ಕಡಿಮೆಯಾಗುತ್ತದೆ, ಸುಸ್ತು ಬಿಡುವುದಿಲ್ಲ, ಹಾಲಿನಲ್ಲಿ ಕೆಲವು ವಿಟಮಿನ್‌ಗಳೂ ಕಡಿಮೆಯಾಗುತ್ತವೆ.

ಊಟ ತಾಯಿಯ ಮೈ ಕಾಯುತ್ತದೆ. ಹಾಲು ಕಾಯುವುದು ಮಗುವಿನ ಹತ್ತಿರ ಇರುವ ಹೊತ್ತು. ಎಂಟು ಗಂಟೆ ಮಗುವಿನಿಂದ ದೂರ ಇದ್ದರೆ ಎಷ್ಟು ಮೊಟ್ಟೆ ತಿಂದರೂ ಹಾಲು ಬತ್ತುತ್ತಾ ಬರುತ್ತದೆ. ಆಗ ‘ನಂಗೆ ಹಾಲೇ ಇಲ್ಲ’ ಅನ್ನುತ್ತಾಳೆ, ಪಕ್ಕದ ಅಂಗಡಿಯಲ್ಲಿ ಡಬ್ಬಿ ಇರುತ್ತದೆ.

ದಾರಿ ಒಂದು: ಹೆರಿಗೆ ರಜೆ

ಇದು ಪೌಷ್ಟಿಕಾಂಶ ಯೋಜನೆಗಳ ಪಟ್ಟಿಯಲ್ಲಿ ಬರುವುದೇ ಇಲ್ಲ. ಕಾರ್ಮಿಕ ಇಲಾಖೆಯ ಕಡತದಲ್ಲಿ ಇರುತ್ತದೆ. ಅದಕ್ಕೇ ಅಂಗನವಾಡಿಯಲ್ಲಿ ಯಾರೂ ಹೇಳುವುದಿಲ್ಲ.

1961ರ ಹೆರಿಗೆ ಸೌಲಭ್ಯ ಕಾಯ್ದೆ ಕಾರ್ಖಾನೆ, ಗಣಿಗಳ ಜೊತೆ ಪ್ಲಾಂಟೇಶನ್‌ಗಳಿಗೂ ಅನ್ವಯವಾಗುತ್ತಿತ್ತು. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಮೂರನೇ ಮಗುವಿಗೆ 12 ವಾರ. ಈಗ ಈ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಆದರೆ 26 ವಾರದ ಲೆಕ್ಕ ಬದಲಾಗಿಲ್ಲ. ಷರತ್ತು ಒಂದೇ. ಹೆರಿಗೆಯ ಹಿಂದಿನ 12 ತಿಂಗಳಲ್ಲಿ ಆ ಮಾಲೀಕರ ಬಳಿ 80 ದಿನ ಕೆಲಸ ಮಾಡಿರಬೇಕು.

‘ನೀನು ಪರ್ಮನೆಂಟ್ ಅಲ್ಲ, ನಿಂಗೆ ಇಲ್ಲ’ ಅಂತ ತೋಟದ ಲೆಕ್ಕ ಬರೆಯುವ ರೈಟರ್ ಹೇಳಿದರೆ ನಂಬಿಬಿಡಬೇಡಿ. ದೆಹಲಿ ಮಹಾನಗರ ಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ: ದಿನಗೂಲಿಯವರಿಗೂ ಹೆರಿಗೆ ಸೌಲಭ್ಯ ಉಂಟು. ಇನ್ನೊಂದು ತೀರ್ಪು ನಮ್ಮಂಥ ಜಾಗಕ್ಕೇ ಸೇರಿದ್ದು. ತಮಿಳುನಾಡಿನ ಕಡೆಯ ಒಂದು ಎಸ್ಟೇಟಿನ ಕೇಸಿನಲ್ಲಿ 1977ರಲ್ಲಿ ಸುಪ್ರೀಂ ಕೋರ್ಟ್, ವಾರ ಅಂದರೆ ಏಳು ದಿನ, ಭಾನುವಾರವನ್ನೂ ಸೇರಿಸಿ ಕೊಡಬೇಕು ಅಂದಿತು. ಈಗ ಲೆಕ್ಕ ಹಾಕಿ. 26 ವಾರ ಅಂದರೆ 182 ದಿನ. ಕೂಲಿ ದಿನಕ್ಕೆ 400 ಅಂತ ಇಟ್ಟುಕೊಂಡರೆ 72,800 ರೂಪಾಯಿ. ಮಾತೃವಂದನಾದ 5,000ದ ಪಕ್ಕ ಇದನ್ನು ಇಟ್ಟು ನೋಡಿ. ಎರಡೂ ‘ಕೂಲಿ ತಪ್ಪಿದ್ದಕ್ಕೆ ಪರಿಹಾರ’ವೇ.

ತೊಡಕು ಇರುವುದು ಬೇರೆ ಕಡೆ. 1951ರ ಹಳೆಯ ತೋಟ ಕಾರ್ಮಿಕರ ಕಾಯ್ದೆಯ ಲೆಕ್ಕದಲ್ಲಿ ಪ್ಲಾಂಟೇಶನ್ ಅನ್ನಿಸಿಕೊಳ್ಳಲು 5 ಹೆಕ್ಟೇರ್ ಅಥವಾ ಜಾಸ್ತಿ ಜಾಗ, 15 ಅಥವಾ ಜಾಸ್ತಿ ಕೆಲಸಗಾರರು ಇರಬೇಕಿತ್ತು. ಕೊಡಗಿನ ಬಹುಪಾಲು ಬೆಳೆಗಾರರು ಸಣ್ಣವರು. ಅಂಥ ತೋಟದಲ್ಲಿ ನಾಲ್ಕೈದು ಜನ ಕೆಲಸ ಮಾಡುತ್ತಿದ್ದರೆ ಈ ದಾರಿ ಮುಚ್ಚಿದ ಹಾಗೆಯೇ. ಇನ್ನು ಇವತ್ತು ಈ ತೋಟ, ನಾಳೆ ಆ ತೋಟ ಅಂತ ಜೀಪಿನಲ್ಲಿ ಹೋಗುವವರಿಗೆ ಒಬ್ಬನೇ ಮಾಲೀಕನ ಬಳಿ 80 ದಿನ ತೋರಿಸುವುದೇ ಕಷ್ಟ. ಮೇಸ್ತ್ರಿಯ ಪುಸ್ತಕದಲ್ಲಿ ಹೆಸರು ಇರುತ್ತದೆ, ತೋಟದ ಪುಸ್ತಕದಲ್ಲಿ ಇರುವುದಿಲ್ಲ. ದೊಡ್ಡ ತೋಟದಲ್ಲಿ ಇರುವವರು ಬಸುರಿಗೆ ಮೂರು ತಿಂಗಳು ತುಂಬಿದ ಕೂಡಲೇ ಹಾಜರಿ ಪುಸ್ತಕದ ಪುಟವನ್ನು ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹೆರಿಗೆಯಾದ ಮೇಲೆ ಆ ಪುಟ ಹುಡುಕಲು ಹೋದರೆ ಸಿಗುವುದಿಲ್ಲ.

ಕುಶಾಲನಗರದ ಕಡೆ ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಳು ಆರಿಸುವ ಹೆಂಗಸರ ವಿಷಯ ಬೇರೆ. ಸಂಬಳದಲ್ಲಿ ಇಎಸ್‌ಐ, ಅಂದರೆ ನೌಕರರ ವಿಮೆಯ ದುಡ್ಡು ಹಿಡಿಯುತ್ತಿದ್ದರೆ ರಜೆಯ ದುಡ್ಡು ಮಾಲೀಕರಿಂದ ಅಲ್ಲ, ಇಎಸ್‌ಐಯಿಂದಲೇ ಬರುತ್ತದೆ. ಮೇಸ್ತ್ರಿಯ ಮುಖ ನೋಡುವ ಕೆಲಸ ಇಲ್ಲ. ನನ್ನ ಮಟ್ಟಿಗೆ ಇರುವುದರಲ್ಲಿ ಒಳ್ಳೆಯದು ಇದೇ.

ದಾರಿ ಎರಡು: ಮಾತೃವಂದನಾ ದುಡ್ಡು

ಮೊದಲ ಮಗುವಿಗೆ ಎರಡು ಕಂತಿನಲ್ಲಿ 5,000. ಗರ್ಭಿಣಿ ಅಂತ ನೋಂದಾಯಿಸಿ ಒಮ್ಮೆ ತಪಾಸಣೆ ಆದ ಮೇಲೆ 3,000. ಮಗುವಿನ ಜನನ ನೋಂದಣಿ ಆಗಿ, 14 ವಾರದ ಚುಚ್ಚುಮದ್ದು ಮುಗಿದ ಮೇಲೆ 2,000. 2022ರ ಏಪ್ರಿಲ್‌ನಿಂದ ಎರಡನೇ ಮಗು ಹೆಣ್ಣಾದರೆ ಒಂದೇ ಕಂತಿನಲ್ಲಿ 6,000. ಎರಡನೇದು ಗಂಡಾದರೆ ಏನೂ ಇಲ್ಲ. ಹೆಣ್ಣು ಮಗುವಿನ ಬಗ್ಗೆ ಇರುವ ತಾತ್ಸಾರ ಹೋಗಲಿ ಅನ್ನುವುದು ಅದರ ಉದ್ದೇಶ, ಸರಿ. ಆದರೆ ಗಂಡು ಹೆತ್ತವಳು ಮರುವಾರವೇ ಕೆಲಸಕ್ಕೆ ಹೋಗಬಹುದು ಅಂತಲಾ?

ಬಿಪಿಎಲ್ ಕಾರ್ಡ್, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್, ಇ-ಶ್ರಮ್ ಕಾರ್ಡ್, ಆಯುಷ್ಮಾನ್ ಕಾರ್ಡ್, ಪರಿಶಿಷ್ಟ ಜಾತಿ ಅಥವಾ ಪಂಗಡದ ಸರ್ಟಿಫಿಕೇಟ್, ಇವುಗಳಲ್ಲಿ ಒಂದಿದ್ದರೆ ಸಾಕು. ಅರ್ಜಿಯನ್ನು ಅಂಗನವಾಡಿ ಟೀಚರಮ್ಮನೇ ಹಾಕಿಕೊಡುತ್ತಾರೆ. ತಾಯಿ ಕಾರ್ಡ್, ಆಧಾರ್, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಖಾತೆ ತಾಯಿಯ ಹೆಸರಲ್ಲೇ ಇರಬೇಕು, ಗಂಡನ ಖಾತೆ ನಡೆಯುವುದಿಲ್ಲ.

ಒಂದು ಮಾತು ಗಮನಿಸಿ. ಸಂಬಳ ಸಹಿತ ಹೆರಿಗೆ ರಜೆ ಪಡೆಯುವವರಿಗೆ ಈ ದುಡ್ಡು ಇಲ್ಲ. ಇಲ್ಲೇ ಆಯ್ಕೆ ಬರುವುದು. ‘ಅರ್ಜಿ ಹಾಕಿದ್ದೀಯಲ್ಲ, ಸರ್ಕಾರ ಕೊಡುತ್ತೆ ಬಿಡು’ ಅಂತ ತೋಟದವರು ಜಾರಿಕೊಳ್ಳಲು ಬಿಡಬೇಡಿ. 5,000ಕ್ಕೆ 26 ವಾರ ಬಿಟ್ಟುಕೊಟ್ಟ ಹಾಗಾಗುತ್ತದೆ.

ಈ ದುಡ್ಡಿಗೂ ಎದೆಹಾಲಿಗೂ ಇರುವ ನಂಟು ಹಳೆಯದು. 2010ರಲ್ಲಿ ಇಂದಿರಾಗಾಂಧಿ ಮಾತೃತ್ವ ಸಹಯೋಗ ಯೋಜನೆ ಅಂತ ಶುರುವಾದಾಗ ಕೊನೆಯ ಕಂತಿಗೆ ಒಂದು ಷರತ್ತು ಇತ್ತು. ಆರು ತಿಂಗಳು ಬರೀ ಎದೆಹಾಲು ಕೊಟ್ಟಿದ್ದೇನೆ ಅಂತ ತಾಯಿ ಹೇಳಬೇಕಿತ್ತು. ಈಗಿನ ಯೋಜನೆಯಲ್ಲಿ ಕಂತು ನಿಂತಿರುವುದು ಚುಚ್ಚುಮದ್ದಿನ ಮೇಲೆ. ನನಗೆ ಹಳೆಯ ಷರತ್ತು ಬೇಕು ಅನ್ನಿಸುವುದಿಲ್ಲ. ಕೆಲಸಕ್ಕೆ ಹೋಗದೆ ವಿಧಿಯಿಲ್ಲದವಳ ಹತ್ತಿರ ಸುಳ್ಳು ಹೇಳಿಸಿದ ಹಾಗೆ. ಆದರೆ ಈಗಿನ ಹೊತ್ತುಗೊತ್ತೂ ಸರಿಯಿಲ್ಲ. 14 ವಾರ ಅಂದರೆ ಮೂರು ತಿಂಗಳ ಮೇಲೆ. ತೋಟಕ್ಕೆ ವಾಪಸ್ ಹೋಗಬೇಕಾ ಬೇಡವಾ ಅನ್ನುವ ತೀರ್ಮಾನ ಎರಡನೇ ತಿಂಗಳಲ್ಲೇ ಆಗಿಹೋಗಿರುತ್ತದೆ. ದುಡ್ಡು ಅದಾದ ಮೇಲೆ ಬರುತ್ತದೆ.

ಹಾಗಾಗಿ ಮೊದಲ ಕಂತಿನ 3,000ವನ್ನು ಬಸುರಿಯಲ್ಲೇ ಹಾಕಿಸಿಕೊಂಡು, ಮುಟ್ಟದೆ ಇಟ್ಟುಕೊಳ್ಳುವುದು ಜಾಣತನ. ಹೇಳುವುದು ಸುಲಭ, ಗೊತ್ತು. ಅಂಗಡಿ ಸಾಲ, ಮೇಸ್ತ್ರಿಯ ಮುಂಗಡ, ಎರಡೂ ಬಾಯಿ ಬಿಟ್ಟುಕೊಂಡು ಕಾಯುತ್ತಿರುತ್ತವೆ. ಆದರೆ ಆ ದುಡ್ಡಿಗೆ ಏಳೆಂಟು ದಿನದ ಕೂಲಿಯ ಬೆಲೆ ಇದೆ. ಎರಡನೇ ತಿಂಗಳು ಮುಗಿಯುವಾಗ ಆ ಏಳೆಂಟು ದಿನ ಮನೆಯಲ್ಲಿ ಕೂರಲು ಆದರೆ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ. ಅದೇ ದುಡ್ಡಲ್ಲಿ ಡಬ್ಬಿ ತಂದರೆ ಒಂದು ತಿಂಗಳಿಗೆ ಮುಗಿಯಿತು, ಆ ತಿಂಗಳಲ್ಲಿ ಎದೆಹಾಲೂ ಹೋಯಿತು.

ಗೃಹಲಕ್ಷ್ಮಿಯ 2,000ದ ಬಗ್ಗೆಯೂ ಕೇಳುತ್ತಾರೆ. ಅದು ರೇಷನ್ ಕಾರ್ಡಿನಲ್ಲಿ ಯಜಮಾನಿ ಅಂತ ಇರುವವರ ಖಾತೆಗೆ ಬರುತ್ತದೆ. ಕೂಡು ಮನೆಯಲ್ಲಿ ಅದು ಅತ್ತೆ. ಅತ್ತೆ ಒಳ್ಳೆಯವರಾದರೆ ಬಾಣಂತನಕ್ಕೆ ಆ ದುಡ್ಡೇ ದೊಡ್ಡ ಆಸರೆ, ಯಾಕೆಂದರೆ ತಿಂಗಳ ಲೆಕ್ಕದಲ್ಲಿ ಬರುತ್ತದೆ. ಸೊಸೆ ಹಕ್ಕಿನಿಂದ ಕೇಳಲು ಮಾತ್ರ ಬರುವುದಿಲ್ಲ.

ದಾರಿ ಮೂರು: ಅಂಗನವಾಡಿಯ ಊಟ

2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಗರ್ಭಿಣಿಗೂ ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ಅಂಗನವಾಡಿಯಲ್ಲಿ ಉಚಿತ ಊಟ ಸಿಗಬೇಕು. ದಿನಕ್ಕೆ 600 ಕಿಲೊ ಕ್ಯಾಲೊರಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳಲ್ಲಿ ದಿನಕ್ಕೆ ಜಾಸ್ತಿ ಬೇಕಾಗುವುದೂ ಅಷ್ಟೇ 600 ಅಂತ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುತ್ತದೆ. ಲೆಕ್ಕ ಚೆನ್ನಾಗಿ ಕೂಡಿದೆ. ಆದರೆ ಇದು ‘ಜಾಸ್ತಿ’ ಊಟ. ಅಂಗನವಾಡಿಯಲ್ಲಿ ಉಂಡಳು ಅಂತ ಮನೆಯಲ್ಲಿ ಮಧ್ಯಾಹ್ನದ ಊಟ ತಪ್ಪಿಸಿದರೆ ಕೂಡಿದ್ದು ಸೊನ್ನೆ. ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕು.

ನಮ್ಮ ರಾಜ್ಯದಲ್ಲಿ ಇದರ ಹೆಸರು ಮಾತೃಪೂರ್ಣ. 2017ರ ಅಕ್ಟೋಬರ್ 2ರಿಂದ ಇಡೀ ರಾಜ್ಯಕ್ಕೆ ಬಂತು. ಅನ್ನ, ಸಾಂಬಾರ್, ಪಲ್ಯ, ಮೊಟ್ಟೆ, ಹಾಲು, ಕಡಲೆಕಾಯಿ ಚಿಕ್ಕಿ. ಅದಕ್ಕೆ ಮುಂಚೆ ಕಾಳು ಬೇಳೆಯನ್ನು ಮನೆಗೆ ಕೊಡುತ್ತಿದ್ದರು. ಮನೆಗೆ ಹೋದದ್ದು ಎಲ್ಲರ ಪಾತ್ರೆಗೆ ಬೀಳುತ್ತದೆ, ತಾಯಿಯ ತಟ್ಟೆಗೆ ಬೀಳುವುದು ಕಡಿಮೆ, ಅದಕ್ಕೇ ಅಲ್ಲೇ ಕೂರಿಸಿ ಊಟ ಹಾಕಬೇಕು ಅಂತ ಬದಲಾಯಿಸಿದರು. ಯೋಚನೆ ಸರಿಯಾದದ್ದೇ. ಕಬ್ಬಿಣದ ಮಾತ್ರೆಯನ್ನೂ ಅಲ್ಲೇ ನುಂಗಿಸಬಹುದು. ನಾಲ್ಕು ಬಾಣಂತಿಯರು ಒಟ್ಟಿಗೆ ಕೂತಾಗ ಹಾಲೂಡಿಸುವ ಕಷ್ಟಸುಖವೂ ಮಾತಿಗೆ ಬರುತ್ತದೆ.

ಆದರೆ ಈ ಲೆಕ್ಕ ಬಯಲು ಸೀಮೆಯ ಊರಿಗೆ ಹಾಕಿದ್ದು. ಅಲ್ಲಿ ಮೂರನೇ ಬೀದಿಯಲ್ಲಿ ಅಂಗನವಾಡಿ ಇರುತ್ತದೆ. ಸಿದ್ದಾಪುರ, ತಿತಿಮತಿ ಕಡೆ ಲೈನ್ ಮನೆಯಿಂದ ಅಂಗನವಾಡಿಗೆ ತೋಟದೊಳಗಿನ ದಾರಿ. ಆನೆ ನಿಂತಿದೆ ಅಂತ ಸುದ್ದಿ ಬಂದರೆ ಗಂಡಸರೇ ಹೊರಡುವುದಿಲ್ಲ. ಜುಲೈ ಮಳೆಯಲ್ಲಿ ಎಳೆಗೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಊಟಕ್ಕೆ ಹೋಗಿ ಬಾ ಅಂದರೆ ಯಾರು ಹೋಗುತ್ತಾರೆ? ಕೆಲಸಕ್ಕೆ ಹೋಗುವವಳಿಗೆ ಮಧ್ಯಾಹ್ನದ ಬಿಡುವಿನಲ್ಲಿ ಮಗುವಿಗೆ ಹಾಲು ಕೊಡುವುದೋ, ಅಂಗನವಾಡಿಗೆ ಓಡುವುದೋ? ಮೊದಲ ಒಂದೂವರೆ ತಿಂಗಳಂತೂ ಬಾಣಂತಿ ಹೊಸಿಲು ದಾಟಬಾರದು ಅಂತ ಮನೆಯವರೇ ಬಿಡುವುದಿಲ್ಲ. ಆರು ತಿಂಗಳಲ್ಲಿ ಕಾಲು ಭಾಗ ಅಲ್ಲೇ ಹೋಯಿತು.

ಕೊರೊನಾ ಸಮಯದಲ್ಲಿ ರೇಷನ್ನನ್ನು ಮನೆಗೇ ಕಳಿಸಿದರು. ತೋಟದ ಹೆಂಗಸರಿಗೆ ಅದೇ ಆಗಿಬಂದದ್ದು. ಹಾಗಾಗಿ ಹೀಗೆ ಮಾಡಿ. ಅಂಗನವಾಡಿ ನಡೆದು ಹೋಗುವ ದೂರದಲ್ಲಿದ್ದು, ದಾರಿ ಸುರಕ್ಷಿತವಾಗಿದ್ದರೆ ಬಿಸಿ ಊಟವೇ ವಾಸಿ. ಇಲ್ಲದಿದ್ದರೆ ನಿಮ್ಮ ಕೇಂದ್ರದಲ್ಲಿ ಮನೆಗೆ ಕೊಡುವ ವ್ಯವಸ್ಥೆ ಇದೆಯಾ ಅಂತ ಟೀಚರಮ್ಮನನ್ನು ಕೇಳಿ. ಕೊಟ್ಟರೆ ಮೊಟ್ಟೆ, ಚಿಕ್ಕಿಯನ್ನು ಬೇರೆ ಡಬ್ಬದಲ್ಲಿ ಎತ್ತಿಡಿ. ಅಕ್ಕಿ ಬೇಳೆ ಎಲ್ಲರಿಗೂ ಹೋಗಲಿ, ಮೊಟ್ಟೆ ಮಾತ್ರ ಬಾಣಂತಿಗೆ ಅಂತ ಮನೆಯಲ್ಲಿ ಒಂದು ಮಾತು ಆಗಲಿ.

ಇದಕ್ಕೆ ಬಿಪಿಎಲ್ ಕಾರ್ಡ್ ಬೇಕಾಗಿಲ್ಲ. ಅಸ್ಸಾಂನಿಂದ ಬಂದವರಿಗೂ ಉಂಟು. ಕಾರ್ಡ್ ಇಲ್ಲ ಅಂತ ವಾಪಸ್ ಕಳಿಸುವುದು ತಪ್ಪು.

ಯರವ, ಜೇನು ಕುರುಬರ ಹಾಡಿಗಳಿಗೆ ಗಿರಿಜನ ಕಲ್ಯಾಣದ ಕಡೆಯಿಂದ ಬೇರೆ ಪೌಷ್ಟಿಕ ಆಹಾರದ ಕಿಟ್ ಬರುತ್ತದೆ. ಕಾಳು, ಬೆಲ್ಲ, ಎಣ್ಣೆ, ತುಪ್ಪ, ಮೊಟ್ಟೆ ಎಲ್ಲ ಇರುತ್ತದೆ. ಅದು ಕುಟುಂಬಕ್ಕೆ ಬರುವುದು, ಮಾತೃಪೂರ್ಣ ತಾಯಿಗೆ ಬರುವುದು. ಒಂದು ತಗೊಂಡರೆ ಇನ್ನೊಂದು ನಿಲ್ಲುವುದಿಲ್ಲ, ಎರಡೂ ತಗೊಳ್ಳಿ.

ಆರು ತಿಂಗಳಾದ ಮೇಲೆ ತಾಯಿಯ ಊಟ ನಿಲ್ಲುತ್ತದೆ, ಮಗುವಿಗೆ ಪುಷ್ಟಿ ಪುಡಿ ಶುರುವಾಗುತ್ತದೆ. ಹಾಲೂಡಿಸುವುದು ಮಾತ್ರ ಎರಡು ವರ್ಷದವರೆಗೆ ಇರಬೇಕು ಅಂತ ಅದೇ ಗೋಡೆಯ ಮೇಲೆ ಬರೆದಿರುತ್ತದೆ. ಮಗುವಿಗೆ ವರ್ಷ ತುಂಬುವವರೆಗೂ ತಾಯಿಗೆ ದಿನಕ್ಕೆ 520 ಕಿಲೊ ಕ್ಯಾಲೊರಿ ಜಾಸ್ತಿ ಬೇಕು. ಅದು ಮನೆಯ ಪಾತ್ರೆಯಿಂದಲೇ ಬರಬೇಕು.

ಕೆಲಸಕ್ಕೆ ವಾಪಸ್ ಹೋಗುವಾಗ

ಇಲ್ಲೇ ಹೆಚ್ಚಿನವರು ಸೋಲುವುದು. ಜನವರಿಯಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಶುರುವಾದರೆ ಮಾರ್ಚ್‌ವರೆಗೆ ಬಿಡುವಿಲ್ಲ. ವರ್ಷದ ದುಡ್ಡು ಆಗುವುದೂ ಆಗಲೇ. ಅಕ್ಟೋಬರ್, ನವೆಂಬರ್‌ನಲ್ಲಿ ಹೆತ್ತವಳಿಗೆ ಇದಕ್ಕಿಂತ ಕೆಟ್ಟ ಹೊತ್ತು ಇಲ್ಲ.

ಕೊಯ್ಲಿನಲ್ಲಿ ಕೂಲಿ ದಿನದ ಲೆಕ್ಕವಲ್ಲ, ಕೆಜಿ ಲೆಕ್ಕ. ಗಿಡದ ಕೆಳಗೆ ಪಾಟು ಹಾಸಿ, ಕೊಂಬೆ ಬಗ್ಗಿಸಿ, ಎರಡೂ ಕೈಯಲ್ಲಿ ಹಣ್ಣು ಎಳೆಯುತ್ತಾರೆ. ಕೆಂಜಿಗ ಕಚ್ಚುತ್ತದೆ, ಕೈ ಎಲ್ಲ ಅಂಟು. ಹಾಲು ಕೊಡಲು ಲೈನ್ ಮನೆಗೆ ಹೋಗಬೇಕು ಅಂದರೆ ಗುಡ್ಡ ಹತ್ತಬೇಕು, ಕೈ ಮೈ ತೊಳೆಯಬೇಕು, ಮಗು ಕುಡಿಯಬೇಕು, ಮತ್ತೆ ಇಳಿಯಬೇಕು. ಮುಕ್ಕಾಲು ಗಂಟೆ. ಅಷ್ಟರಲ್ಲಿ ಪಕ್ಕದವಳ ಚೀಲ ಅರ್ಧ ತುಂಬಿರುತ್ತದೆ. ಸಂಜೆ ತಕ್ಕಡಿಯ ಮುಂದೆ ಆ ಅರ್ಧ ಚೀಲ ಕಾಣಿಸುತ್ತದೆ. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕು ಅಂತ ಕಾನೂನಿನಲ್ಲಿದೆ. ದಿನಗೂಲಿಯವಳಿಗೆ ಅದು ಬಿಡುವು. ಕೆಜಿ ಲೆಕ್ಕದವಳಿಗೆ ಅದು ನಷ್ಟ. ಆದ್ದರಿಂದ ಹಾಲೂಡಿಸುವವರು ಕೊಯ್ಲಿನ ಹೊತ್ತಿನಲ್ಲೂ ದಿನಗೂಲಿಯ ಕೆಲಸ, ಅಂದರೆ ಕಣದಲ್ಲಿ ಕಾಫಿ ಒಣಗಿಸುವುದು, ಹರವುವುದು ಇಂಥದ್ದು ಇದ್ದರೆ ಅದನ್ನೇ ಕೇಳಿಕೊಳ್ಳಿ. ಕೊಯ್ಲಿಗಿಂತ ದುಡ್ಡು ಕಮ್ಮಿ ಸಿಗಬಹುದು. ಆದರೆ ಕಣ ಸಾಮಾನ್ಯವಾಗಿ ಲೈನ್ ಮನೆಯ ಹತ್ತಿರವೇ ಇರುತ್ತದೆ.

ಮಗುವನ್ನು ಎಲ್ಲಿ ಬಿಡುವುದು? 50 ಅಥವಾ ಜಾಸ್ತಿ ಹೆಂಗಸರು ಕೆಲಸ ಮಾಡುವ, ಇಲ್ಲವೇ ಅವರ ಮಕ್ಕಳು 20 ಇರುವ ತೋಟದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು ಅಂತ 1951ರ ತೋಟ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ದೊಡ್ಡ ತೋಟಗಳಲ್ಲಿ ಈಗಲೂ ಇವೆ. ಅಂಥ ಕಡೆ ಕೆಲಸ ಸಿಗುವುದಾದರೆ ಕೂಲಿ ಹತ್ತಿಪ್ಪತ್ತು ರೂಪಾಯಿ ಕಡಿಮೆ ಇದ್ದರೂ ಅಲ್ಲೇ ಹೋಗಿ ಅಂತ ನಾನು ಹೇಳುತ್ತೇನೆ. ಪಂಚಾಯಿತಿಯ ಕೂಸಿನ ಮನೆ ಹತ್ತಿರ ಇದ್ದರೆ ಅದನ್ನೂ ವಿಚಾರಿಸಿ.

ಜೋಲಿ ಕಟ್ಟುವುದು ಎಲ್ಲರಿಗೂ ಗೊತ್ತಿರುವ ದಾರಿ. ಮರಕ್ಕೆ ಸೀರೆ ಕಟ್ಟಿ, ಅಕ್ಕನನ್ನೋ ದೊಡ್ಡ ಮಗಳನ್ನೋ ತೂಗಲು ಕೂರಿಸುವುದು. ಹಾಲಿನ ಮಟ್ಟಿಗೆ ಇದಕ್ಕಿಂತ ಒಳ್ಳೆಯದಿಲ್ಲ, ಮಗು ಅತ್ತ ಕೂಡಲೇ ತಾಯಿ ಹತ್ತಿರ. ಆದರೆ ದೊಡ್ಡ ಮಗಳ ಶಾಲೆ ತಪ್ಪುತ್ತದೆ. ಆನೆಯ ಭಯವೂ ಇದೆ. ಬೋರ್ಡೋ ದ್ರಾವಣವೋ ಕಳೆನಾಶಕವೋ ಹೊಡೆಯುವ ದಿನ ಮಗುವನ್ನು ಆ ಬ್ಲಾಕಿನ ಹತ್ತಿರ ತರಲೇಬೇಡಿ.

ಮನೆಯಲ್ಲಿ ಅಜ್ಜಿ ಇದ್ದರೆ ಹಾಲು ಹಿಂಡಿಟ್ಟು ಹೋಗುವುದು ಎಲ್ಲಕ್ಕಿಂತ ಅಗ್ಗದ ದಾರಿ. ಆದರೂ ಮಾಡುವವರು ಕಡಿಮೆ. ‘ಹಿಂಡಿದ ಹಾಲು ಕೆಡುತ್ತೆ, ದೃಷ್ಟಿಯಾಗುತ್ತೆ’ ಅಂತಾರೆ. ಕೈ ಚೆನ್ನಾಗಿ ತೊಳೆದು, ಕುದಿಸಿ ಆರಿಸಿದ ಸ್ಟೀಲ್ ಲೋಟಕ್ಕೆ ಹಿಂಡಿ, ಮುಚ್ಚಿ, ತಂಪು ಜಾಗದಲ್ಲಿಟ್ಟರೆ ನಾಲ್ಕು ಗಂಟೆ ಏನೂ ಆಗುವುದಿಲ್ಲ. ಎಂಟಕ್ಕೆ ಹೋಗುವಾಗ ಹಿಂಡಿಟ್ಟದ್ದು ಹನ್ನೆರಡರವರೆಗೆ ಆಯಿತು. ಊಟದ ಬಿಡುವಿನಲ್ಲಿ ಬಂದು ಎದೆಗೆ ಹಾಕಿಕೊಂಡು, ಹೋಗುವಾಗ ಮತ್ತೊಂದಿಷ್ಟು ಹಿಂಡಿಟ್ಟರೆ ಸಂಜೆವರೆಗೆ ಆಯಿತು. ಹಾಲನ್ನು ಬಿಸಿ ಮಾಡಬೇಡಿ, ಬಿಸಿ ನೀರಿನ ಪಾತ್ರೆಯಲ್ಲಿ ಲೋಟ ಇಟ್ಟರೆ ಸಾಕು. ಬಾಟಲಿ ಬೇಡ, ಒಳಲೆಯಲ್ಲಿ ಕುಡಿಸಿ. ಬಾಟಲಿಯ ರುಚಿ ಹತ್ತಿದ ಮಗು ಎದೆಗೆ ಬರಲು ತಕರಾರು ಮಾಡುತ್ತದೆ. ನಿಪ್ಪಲ್ ತೊಳೆಯುವುದೂ ದೊಡ್ಡ ಕೆಲಸ. ಅಜ್ಜಂದಿರಿಗೆ ಒಳಲೆ ಹಿಡಿಯುವುದು ಬರುವುದಿಲ್ಲ ಅಂತೇನೂ ಇಲ್ಲ, ಅವರನ್ನೂ ಕೂರಿಸಿ.

ಹಗಲು ತಪ್ಪಿದ್ದನ್ನು ರಾತ್ರಿ ತುಂಬಿಸಿಕೊಳ್ಳಬಹುದು. ಕೆಲಸಕ್ಕೆ ಹೋಗುವವರು ರಾತ್ರಿ ಹಾಲು ನಿಲ್ಲಿಸಲೇಬೇಡಿ.

ಹಸುವಿನ ಹಾಲಿಗೆ ನೀರು ಬೆರೆಸಿ ಕೊಡುವುದನ್ನು ವರ್ಷ ತುಂಬುವವರೆಗೆ ಬಿಟ್ಟುಬಿಡಿ. ಆಸ್ಪತ್ರೆಯವರು ಕಾರಣ ಕೊಟ್ಟು ಡಬ್ಬಿ ಹಾಲು ಬರೆದರೆ ಆ ಮಾತು ಬೇರೆ. ಆಗ ಡಬ್ಬಿಯ ಮೇಲಿನ ಅಳತೆಯನ್ನು ಒಂದು ಚಮಚವೂ ತಪ್ಪದೆ ಹಾಕಿ.

ಡಬ್ಬಿಯನ್ನೇ ಸರ್ಕಾರ ಕೊಟ್ಟರೆ?

ಕೆಲವರು ಕೇಳುತ್ತಾರೆ, ರೇಷನ್ ಅಂಗಡಿಯಲ್ಲೇ ಮಕ್ಕಳ ಹಾಲಿನ ಪುಡಿ ಕೊಟ್ಟರೆ ಏನು ಕಷ್ಟ ಅಂತ. ಅಮೆರಿಕ ಅದನ್ನು ಮಾಡಿ ನೋಡಿದೆ. ಅಲ್ಲಿ ಬಡ ತಾಯಿ ಮಕ್ಕಳಿಗೆ ‘ವಿಕ್’ ಅನ್ನುವ ಯೋಜನೆ 1970ರ ದಶಕದಿಂದ ಇದೆ. ತಾಯಿಗೆ ಆಹಾರ, ಮಗುವಿಗೆ ಡಬ್ಬಿ ಹಾಲು. ಆ ದೇಶದಲ್ಲಿ ಖರ್ಚಾಗುವ ಡಬ್ಬಿ ಹಾಲಿನಲ್ಲಿ ಸುಮಾರು ಅರ್ಧ ಈ ಯೋಜನೆಯ ಮೂಲಕವೇ ಹೋಗುತ್ತದೆ. ಯೋಜನೆಯಲ್ಲಿರುವ ತಾಯಂದಿರು ಎದೆಹಾಲು ಕೊಡುವುದು ಉಳಿದವರಿಗಿಂತ ಕಡಿಮೆ ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತು. ಡಬ್ಬಿಯಿಂದಲೇ ಹಾಗಾಯಿತು ಅನ್ನಲು ಬರುವುದಿಲ್ಲ. ಹೆಚ್ಚಿನ ಬಡವರಿಗೆ ಅಲ್ಲೂ ಸಂಬಳದ ರಜೆ ಇಲ್ಲ. ಆದರೂ 2009ರಲ್ಲಿ ನಿಯಮ ಬದಲಾಯಿಸಿದರು. ಪೂರ್ತಿ ಎದೆಹಾಲು ಕೊಡುವ ತಾಯಿಗೆ ಹೆಚ್ಚು ಆಹಾರ. ಅವಳಿಗೆ ಅದು ಸಿಗುವುದು ಒಂದು ವರ್ಷದವರೆಗೆ. ಎದೆಹಾಲು ಕೊಡದವರಿಗೆ ಆರು ತಿಂಗಳು. ಜೊತೆಗೆ ತಾವೇ ಹಾಲೂಡಿಸಿ ಅನುಭವ ಇರುವ ಹೆಂಗಸರನ್ನು ಸಂಬಳ ಕೊಟ್ಟು ಸಲಹೆಗೆ ಇಟ್ಟುಕೊಂಡರು.

ನಾವು ಹಿಡಿದದ್ದು ಉಲ್ಟಾ ದಾರಿ. 1992ರ ಕಾಯ್ದೆ, 2003ರ ತಿದ್ದುಪಡಿ ಸೇರಿ, ಎರಡು ವರ್ಷದೊಳಗಿನ ಮಕ್ಕಳ ಡಬ್ಬಿ ಆಹಾರದ ಜಾಹೀರಾತನ್ನೇ ನಿಷೇಧಿಸಿದೆ. ಸ್ಯಾಂಪಲ್ ಕೊಡುವ ಹಾಗಿಲ್ಲ, ಆಸ್ಪತ್ರೆಯಲ್ಲಿ ಹಂಚುವ ಹಾಗಿಲ್ಲ. ನಮ್ಮದು ಈ ವಿಷಯದಲ್ಲಿ ಒಳ್ಳೆಯ ಕಾನೂನು. ಅವರಿಂದ ಕಲಿಯಬೇಕಾದ್ದು ಒಂದೇ, ಹಾಲೂಡಿಸುವಷ್ಟು ಕಾಲವೂ ತಾಯಿಗೆ ಊಟ ಕೊಡುವುದು. ಆರು ತಿಂಗಳಿಗೆ ನಿಲ್ಲಿಸುವುದಲ್ಲ.

ಮನೆಗೆ ಬರುವ ಸಹಾಯ

ಸಲಹೆಗಾರರು ಅಂದೆನಲ್ಲ, ನಮ್ಮಲ್ಲಿ ಆ ಕೆಲಸ ಆಶಾ ಕಾರ್ಯಕರ್ತೆಯದು. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28, 42ನೇ ದಿನ ಅವರು ಮನೆಗೆ ಬರಬೇಕು. ಈ ಆರು ಭೇಟಿಯಿಂದ ತಾಯಿಯ ಕೈಗೆ ದುಡ್ಡು ಬರುವುದಿಲ್ಲ, ಆದರೆ ಹಾಲೂಡಿಸುವ ವಿಷಯದಲ್ಲಿ 3ನೇ ಮತ್ತು 7ನೇ ದಿನದ ಭೇಟಿ 3,000 ರೂಪಾಯಿಗಿಂತ ಮೇಲು ಅಂತ ನಾನು ಹೇಳುತ್ತೇನೆ. ಎದೆ ಕಟ್ಟುವುದು, ತೊಟ್ಟು ಒಡೆಯುವುದು, ‘ಹಾಲು ಸಾಲುತ್ತಿಲ್ಲ’ ಅನ್ನುವ ಭಯ, ಎಲ್ಲ ಈ ವಾರದಲ್ಲೇ ಬರುವುದು. ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲು ಕುಡಿಯುವವರು ಸುಮಾರು 64 ಶೇಕಡಾ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿದ್ದು 42 ಶೇಕಡಾ ಮಾತ್ರ ಅಂತ 2019–21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆಸ್ಪತ್ರೆಯಲ್ಲಿ ಹೆತ್ತರೂ ಮೊದಲ ಹಳದಿ ಹಾಲು ತಪ್ಪುತ್ತಿದೆ ಅಂತಾಯಿತು.

ಕೊಡಗಿನ ಜೇನು ಒಳ್ಳೆಯದೇ, ಸಂಶಯವಿಲ್ಲ. ಆದರೆ ಹುಟ್ಟಿದ ಮಗುವಿನ ನಾಲಿಗೆಗೆ ಹಚ್ಚಬೇಡಿ, ವರ್ಷ ತುಂಬಲಿ. ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ಕೊಡಬಾರದು ಅನ್ನುವ ಪಥ್ಯವನ್ನೂ ಸಡಿಲ ಮಾಡಿ. ಹಾಲೂಡಿಸುವವಳಿಗೆ ಬಾಯಾರಿಕೆ ಜಾಸ್ತಿ.

ತವರಿಗೆ ಹೋಗುವವರಿಗೆ

ಮೊದಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ಪಿರಿಯಾಪಟ್ಟಣಕ್ಕೋ ಹುಣಸೂರಿಗೋ ಹೋದರೆ ಅಲ್ಲಿನ ಅಂಗನವಾಡಿಯಲ್ಲಿ ಹೆಸರಿಲ್ಲ ಅಂತ ಊಟ ತಪ್ಪುತ್ತದೆ, ಇಲ್ಲಿ ಆಶಾ ಬಂದು ಬೀಗ ನೋಡಿ ಹೋಗುತ್ತಾರೆ. ಹೊರಡುವ ಮುಂಚೆ ಟೀಚರಮ್ಮನಿಗೆ ಹೇಳಿ ಮೊಬೈಲ್ ಆ್ಯಪ್‌ನಲ್ಲಿ ಹೆಸರು ಆ ಊರಿಗೆ ವರ್ಗಾಯಿಸಿಕೊಳ್ಳಿ. ತಾಯಿ ಕಾರ್ಡ್ ಪೆಟ್ಟಿಗೆಯಲ್ಲಿ ಬಿಟ್ಟು ಹೋಗಬೇಡಿ, ಎರಡನೇ ಕಂತಿಗೆ ಚುಚ್ಚುಮದ್ದಿನ ಗುರುತು ಅದರಲ್ಲೇ ಬೀಳಬೇಕು. ಜನನ ಪ್ರಮಾಣ ಪತ್ರವನ್ನು ಹೆರಿಗೆಯಾದ ಆಸ್ಪತ್ರೆಯಿಂದಲೇ ಮಾಡಿಸಿಕೊಂಡು ಬನ್ನಿ. ತೋಟದಲ್ಲಿ ರಜೆ ಕೇಳುವವರು ಹೊರಡುವ ಮೊದಲೇ ಬರಹದಲ್ಲಿ ಅರ್ಜಿ ಕೊಟ್ಟು, ರೈಟರ್ ಹತ್ತಿರ ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಎರಡನೇದು ಹೆಣ್ಣಾಗಿದ್ದರೆ ಮಾತೃವಂದನಾ ಅರ್ಜಿಯನ್ನು ಮಗು ಹುಟ್ಟಿದ 270 ದಿನದೊಳಗೆ ಹಾಕಬೇಕು. ತವರಿನಿಂದ ಬಂದ ವಾರವೇ ಹೋಗಿ ಟೀಚರಮ್ಮನನ್ನು ಕಾಣಿ, ಕೊಯ್ಲು ಮುಗಿಯಲಿ ಅಂತ ಕಾಯಬೇಡಿ.